ಬೆರಳಿಗೆ ಸಿಗದ ಗುಳಿ

ಟೈಲರ್‌ನ ದೊಡ್ಡ ಬೈಕು ಮೊದಲೆರಡು ಸಲ ವರ್ಕ್‌ಶಾಪಿಗೆ ತಾನೇ ಓಡಿಕೊಂಡು ಬಂದಿತ್ತು. ಮೂರನೆಯ ಸಲ ಅದನ್ನು ಲಾರಿಯ ಮೇಲೆ ಹಗ್ಗ ಬಿಗಿದು ತಂದರು. ಎಡಗಡೆಯ ಸಾಮಾನು ಪೆಟ್ಟಿಗೆ ರಸ್ತೆಗೆ ಉಜ್ಜಿ ಅರ್ಧ ಸವೆದುಹೋಗಿತ್ತು. ಗಾಳಿ ತಡೆಯುವ ಗಾಜು ಇರಲೇ ಇಲ್ಲ. ವರ್ಕ್‌ಶಾಪಿನ ಬಾಗಿಲಲ್ಲಿ ನಿಂತಿದ್ದ ಮೇಸ್ತ್ರಿಯ ಎದೆ ಧಸಕ್ಕೆಂದಿತು. ಲಾರಿಯಿಂದ ಟೈಲರ್ ಒಬ್ಬನೇ ಇಳಿದದ್ದು ಕಂಡು ಇನ್ನೊಮ್ಮೆ ಧಸಕ್ಕೆಂದಿತು. ಆ ಗಂಡ ಹೆಂಡತಿ ಬೈಕಿಗೆ ಗಾಳಿ ತುಂಬಿಸಲೂ ಜೋಡಿಯಾಗಿ ಬರುವವರು.

“ತಂಗಿ ಎಲ್ಲಿ?” ಎಂದ ಮೇಸ್ತ್ರಿ.

“ಮನೇಲಿದ್ದಾಳೆ. ಇಲ್ಲಿ ಮೂಳೆ ಮುರಿದಿದೆ,” ಎಂದು ಟೈಲರ್ ತನ್ನದೇ ಕತ್ತಿನ ಬುಡ ಮುಟ್ಟಿ ತೋರಿಸಿದ. “ಆರು ವಾರ ಕೈ ಕಟ್ಟಿಕೊಂಡಿರಬೇಕಂತೆ. ಜೀವ ಉಳೀತಲ್ಲ, ಬಿಡಿ.”

ಬೈಗುಳಕ್ಕೆ ಮೇಸ್ತ್ರಿ ಮೈಯೆಲ್ಲ ಗಟ್ಟಿ ಮಾಡಿಕೊಂಡು ನಿಂತಿದ್ದ. ಬೈಗುಳ ಬರಲಿಲ್ಲ.

“ನೂರಾ ಹತ್ತರಲ್ಲಿದ್ದೆ. ರಸ್ತೆ ನೇರವಾಗಿತ್ತು, ಸ್ವಲ್ಪ ಇಳಿಜಾರು. ಹ್ಯಾಂಡಲ್ ಮೊದಲು ಸಣ್ಣಗೆ ನಡುಗ್ತು. ಆಮೇಲೆ ಬೇಡ ಬೇಡ ಅಂತ ತಲೆ ಅಲ್ಲಾಡಿಸೋ ಹಾಗೆ ಎಡಕ್ಕೂ ಬಲಕ್ಕೂ ಹೊಡ್ಕೊಳ್ಳೋಕೆ ಶುರುವಾಯ್ತು. ಬಿಗಿಯಾಗಿ ಹಿಡೀಬೇಡಿ ಅಂತ ಹೋದ ಸಲ ನೀವು ಹೇಳಿದ್ರಲ್ಲ, ನೆನಪಿತ್ತು ಮೇಸ್ತ್ರಿ. ಆದ್ರೆ ಕೈ ಮಾತು ಕೇಳಬೇಕಲ್ಲ! ಹೆದರಿ ಗಟ್ಟಿಯಾಗಿ ಹಿಡಿದುಬಿಟ್ಟೆ. ತಪ್ಪು ನಂದೇ.”

ಆ ಮಾತು ಮೇಸ್ತ್ರಿಯೇ ಹೇಳಿದ್ದು ಹೌದು. ನಗುತ್ತಲೇ ಹೇಳಿದ್ದ: “ಟೈಲರೇ, ಹ್ಯಾಂಡಲ್ ಅಂದ್ರೆ ಕತ್ತರಿ ಅಂದ್ಕೊಂಡಿದ್ದೀರೇನು? ಗಾಡೀಲಿ ಏನೂ ಇಲ್ಲ, ನಿಮ್ಮ ಹಿಡಿತದಲ್ಲಿದೆ ಕಾಯಿಲೆ.”

“ಡೊಂಕಾಗಿರೋದನ್ನ ನೆಟ್ಟಗೆ ಮಾಡಿಕೊಡಿ, ಮಾರಿಬಿಡ್ತೀನಿ,” ಎಂದ ಟೈಲರ್. ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಬೇರೆ ಯಾರದೋ ಕೈ ಎಂಬಂತೆ. “ಮೊನ್ನೆ ಒಬ್ಬರ ಕೋಟಿನ ಬಟ್ಟೆ ಸೊಟ್ಟ ಕತ್ತರಿಸಿಬಿಟ್ಟೆ. ಮೂವತ್ತು ವರ್ಷದಲ್ಲಿ ಅಂಥದ್ದು ಆಗಿರಲಿಲ್ಲ. ಅವತ್ತಿಂದ ಕತ್ತರಿ ಮುಟ್ಟಿಲ್ಲ. ನಂಬೋದು ಹೇಗೆ ಹೇಳಿ, ಕಟ್ಟಿಕೊಂಡವಳನ್ನ ರಸ್ತೆಗೆ ಎಸೆದ ಕೈ ಇದು.”

ಹೀಗೆ ಹೇಳಿ ಅವನು ಬಸ್ ಹಿಡಿಯಲು ಹೋದ. ಬೆನ್ನು ಸ್ವಲ್ಪ ಬಾಗಿತ್ತು.

ವರ್ಕ್‌ಶಾಪುಗಳದ್ದೇ ಆದ ಆ ಬೀದಿಯಲ್ಲಿ ಮೇಸ್ತ್ರಿಗೆ ‘ಬೆರಳು ಮೇಸ್ತ್ರಿ’ ಎಂದೇ ಹೆಸರು. ಉಳಿದವರು ಯಂತ್ರ ತಂದಿಟ್ಟುಕೊಂಡಿದ್ದರು, ಕಂಪ್ಯೂಟರ್ ತಂದಿಟ್ಟುಕೊಂಡಿದ್ದರು. ಇವನು ಮುಂಚಕ್ರವನ್ನು ಜಾಕ್ ಕೊಟ್ಟು ಎತ್ತಿ, ಹ್ಯಾಂಡಲಿನ ತುದಿಗೆ ಎರಡೇ ಬೆರಳು ತಾಗಿಸಿ, ಕಣ್ಣು ಮುಚ್ಚಿ, ಈ ಕೊನೆಯಿಂದ ಆ ಕೊನೆಗೆ ನಿಧಾನವಾಗಿ ತಿರುಗಿಸುತ್ತಿದ್ದ. ಅಷ್ಟರಲ್ಲೇ ಒಳಗಿನ ಸಮಾಚಾರವೆಲ್ಲ ತಿಳಿಯುತ್ತಿತ್ತು. “ಅವನಿಗೆ ಕೈ ಕೊಡಬೇಡ್ರಪ್ಪಾ, ನಿಮ್ಮ ಕೀಲು ಎಷ್ಟು ಸವೆದಿದೆ ಅಂತ ನಿಂತಲ್ಲೇ ಹೇಳಿಬಿಡ್ತಾನೆ,” ಎಂದು ಎದುರಿನ ಬಿಡಿಭಾಗದ ಅಂಗಡಿಯವನು ಬಂದವರಿಗೆಲ್ಲ ತಮಾಷೆ ಮಾಡುತ್ತಿದ್ದ. ದೂರ ಪ್ರಯಾಣದ ಬೈಕಿನವರು ಹುಡುಕಿಕೊಂಡು ಬರುತ್ತಿದ್ದದ್ದು ಈ ಬೆರಳುಗಳನ್ನೇ.

ಆ ಬೆರಳುಗಳು ಸತ್ತು ಎಂಟು ತಿಂಗಳಾಗಿತ್ತು. ಸಕ್ಕರೆ ಕಾಯಿಲೆ ಮೊದಲು ಕಾಲಿನ ತುದಿಗೆ ಬಂತು, ಆಮೇಲೆ ಕೈಗೆ. ಒಂದು ದಿನ ಬಿಸಿ ಸೈಲೆನ್ಸರ್ ಮೇಲೆ ಕೈಯಿಟ್ಟಿದ್ದ. ಸುಟ್ಟದ್ದು ಗೊತ್ತಾದದ್ದು ಚರ್ಮದ ವಾಸನೆ ಮೂಗಿಗೆ ಬಂದ ಮೇಲೆ. ಅವತ್ತಿನಿಂದ ಕೈಗವಸು ಹಾಕಿಕೊಳ್ಳಲು ಶುರು ಮಾಡಿದ. ವಾಷರ್ ಜಾರಿ ಬಿದ್ದರೆ “ಇವತ್ತು ಇದಕ್ಕೆ ನನ್ನ ಮೇಲೆ ಮುನಿಸು” ಎಂದು ನಗಿಸುತ್ತಿದ್ದ. ಯಾರಿಗೂ ಹೇಳಲಿಲ್ಲ. ಮೂವತ್ತು ದಾಟಿದ ಮಗಳು ಜೊತೆಯಲ್ಲೇ ಸ್ಪ್ಯಾನರ್ ಹಿಡಿದು ದುಡಿಯುತ್ತಿದ್ದಳು, ಅವಳಿಗೂ ಹೇಳಲಿಲ್ಲ. ಎಂಜಿನ್ ಅವಳದು, ವೈರಿಂಗ್ ಅವಳದು, ಟೈರು ಅವಳದು. ಆದರೆ ಹ್ಯಾಂಡಲ್ ತಿರುಗುವ ಬೇರಿಂಗು, ಎಲ್ಲರೂ ಕೋನ್‌ಸೆಟ್ ಎನ್ನುತ್ತಾರಲ್ಲ, ಅದು ಮಾತ್ರ ಅಪ್ಪನದು. ಅವನು ಒಮ್ಮೆ ಬೆರಳಿಟ್ಟು ನೋಡಿದ್ದನ್ನು ಇನ್ನೊಬ್ಬರು ಮುಟ್ಟಿ ನೋಡುವ ಪದ್ಧತಿ ಆ ವರ್ಕ್‌ಶಾಪಿನಲ್ಲಿ ಇರಲಿಲ್ಲ. ಅವನ ಗುರುವಿನ ಕಾಲದಿಂದಲೂ ಹಾಗೇ.

ಅಪ್ಪ ಮಗಳು ಮಾರನೆಯ ಬೆಳಿಗ್ಗೆ ಬೈಕಿನ ಪಕ್ಕ ಕೂತರು. ಬಿದ್ದದ್ದರಿಂದ ಆದ ಪೆಟ್ಟು ಯಾವುದು, ಬೀಳಿಸಿದ ಕಾರಣ ಯಾವುದು ಎಂದು ಬೇರೆ ಮಾಡಬೇಕಿತ್ತು. ಮಗಳು ಒಂದೊಂದೇ ನೋಡುತ್ತ ಹೋದಳು. ಟೈರಿನ ಗಾಳಿ ಸರಿಯಾಗಿತ್ತು, ಮುಂದಿನ ಟೈರಿನ ಮೈಯಲ್ಲಿ ಉಬ್ಬುತಗ್ಗಿಲ್ಲ. ಚಕ್ರ ತಿರುಗಿಸಿದಳು, ರಿಮ್ಮು ಕೂದಲೆಳೆಯಷ್ಟೂ ಆಡಲಿಲ್ಲ. ಹಿಂಚಕ್ರವನ್ನು ಹಿಡಿದುಕೊಂಡಿರುವ ತೋಳಿನ ಕೀಲನ್ನು ಅಲ್ಲಾಡಿಸಿ ನೋಡಿದಳು, ಸಡಿಲವಿರಲಿಲ್ಲ. ಎರಡೂ ಪೆಟ್ಟಿಗೆಯ ಸಾಮಾನನ್ನು ತೂಗಿದಳು. ಟೈಲರ್ ದಂಪತಿ ಎಷ್ಟು ನಾಜೂಕಿನವರೆಂದರೆ ಎಡಕ್ಕೂ ಬಲಕ್ಕೂ ಒಂದು ಜೊತೆ ಚಪ್ಪಲಿಯಷ್ಟೂ ವ್ಯತ್ಯಾಸವಿರಲಿಲ್ಲ.

“ಕೋನ್‌ಸೆಟ್ ಒಂದು ಉಳೀತು,” ಎಂದಳು, ಅಪ್ಪನ ಮುಖ ನೋಡದೆ.

“ಅದನ್ನ ನಾನು ನೋಡಿದ್ದೀನಲ್ಲ. ಎರಡು ಸಲ.”

“ಹೂಂ. ನೋಡಿದ್ದೀರಿ.” ಕೈ ಒರೆಸಿಕೊಂಡು, “ಗಾಜು ಸಿಗುತ್ತಾ ಕೇಳಿಕೊಂಡು ಬರ್ತೀನಿ,” ಎಂದು ಎದುರಿನ ಅಂಗಡಿಗೆ ಹೋದಳು.

ಮೇಸ್ತ್ರಿ ಷಟರನ್ನು ಅರ್ಧ ಎಳೆದ. ಚಕ್ರ ಎತ್ತಿ, ಕೈಗವಸು ಕಳಚಿ, ಎರಡು ಬೆರಳು ತಾಗಿಸಿ ತಿರುಗಿಸಿದ. ಎಣ್ಣೆಯಲ್ಲಿ ಜಾರಿದಷ್ಟು ನುಣುಪು. ಇನ್ನೊಮ್ಮೆ ಮಾಡಿದ. ಅಷ್ಟೇ ನುಣುಪು. ಈ ನುಣುಪೇ ಅವನನ್ನು ಹೆದರಿಸಿತು. ಎಂಟು ತಿಂಗಳಿಂದ ಅವನ ಬೆರಳಿಗೆ ಲೋಕವೆಲ್ಲ ನುಣುಪಾಗಿಯೇ ಇತ್ತು, ಮರಳು ಕಾಗದವೂ, ಮೊಮ್ಮಗುವಿನ ಕೆನ್ನೆಯೂ.

ಎಂಜಿನಿನ ಒಳಗಿನ ಸದ್ದು ಕೇಳಲು ಮೆಕ್ಯಾನಿಕ್‌ಗಳು ಸ್ಕ್ರೂಡ್ರೈವರಿನ ತುದಿಯನ್ನು ಅದಕ್ಕೆ ಒತ್ತಿ ಹಿಡಿಯನ್ನು ಕಿವಿಗೆ ಇಟ್ಟುಕೊಳ್ಳುತ್ತಾರೆ. ಅದು ಹೇಗೆ ಹೊಳೆಯಿತೋ, ಮೇಸ್ತ್ರಿ ಹ್ಯಾಂಡಲಿನ ರಬ್ಬರ್ ಹಿಡಿಯನ್ನು ಎಳೆದು ತೆಗೆದ. ಮೊಣಕಾಲೂರಿ, ಬರಿಯ ಕಬ್ಬಿಣದ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಚಕ್ರವನ್ನು ಅಂಗೈಯಿಂದ ಮೆಲ್ಲಗೆ ಪಕ್ಕಕ್ಕೆ ತಳ್ಳಿದ. ಹ್ಯಾಂಡಲ್ ಎಡದಿಂದ ಬಂತು, ಬಂತು, ನಟ್ಟನಡುವೆ ಟಕ್ ಎಂದು ಕೂತಿತು. ಆ ಟಕ್ ಎನ್ನುವುದು ಅವನ ದವಡೆಯಿಂದ ತಲೆಬುರುಡೆಗೆ ಹತ್ತಿತು. ಬಲದಿಂದ ತಂದ. ಮತ್ತೆ ಅದೇ ಜಾಗದಲ್ಲಿ ಟಕ್.

“ಅಪ್ಪಾ! ಏನ್ಮಾಡ್ತಿದ್ದೀರಿ?”

ಮಗಳು ಷಟರ್ ಕೆಳಗೆ ಬಗ್ಗಿ ನಿಂತಿದ್ದಳು. ಮೇಸ್ತ್ರಿ ಬಾಯಿ ಒರೆಸಿಕೊಂಡ. ತುಟಿಗೆ ಗ್ರೀಸು ಮೆತ್ತಿತ್ತು.

“ಬಾ ಇಲ್ಲಿ. ನೀನು ಎರಡು ಬೆರಳು ಇಟ್ಟು ತಿರುಗಿಸು.”

“ನಾನಾ?”

“ನೀನೇ.”

ಅವಳು ಹಿಂಜರಿಯುತ್ತ ಬಂದು ಮುಟ್ಟಿದಳು. ಅರ್ಧ ತಿರುಗಿಸುವಷ್ಟರಲ್ಲೇ ಕೈ ಹಿಂದೆ ತೆಗೆದಳು. “ಇಷ್ಟು ದೊಡ್ಡ ಗುಳಿ! ಇದು ಎಳೆ ಮಗುಗೂ ಗೊತ್ತಾಗುತ್ತಲ್ಲಪ್ಪ,” ಎಂದವಳು, ಅಪ್ಪನ ಮುಖ ನೋಡಿ ಮಾತನ್ನು ನುಂಗಿಕೊಂಡಳು.

ಅವನು ಸುಟ್ಟ ಬೆರಳನ್ನು ಅವಳ ಮುಂದೆ ಹಿಡಿದ. ಅವಳು ಅದಕ್ಕೆ ಉಗುರು ಒತ್ತಿದಳು, ಅವನಿಗೆ ತಿಳಿಯಲೇ ಇಲ್ಲ.

“ವಯಸ್ಸಾಯ್ತು, ಅದಕ್ಕೇ ಕೈ ಜಾರುತ್ತೆ ಅಂದ್ಕೊಂಡಿದ್ದೆ,” ಎಂದಳು.

“ಹಾಗೇ ಅಂದ್ಕೊಳ್ಳಲಿ ಅಂತ ನಾನೂ ಬಿಟ್ಟಿದ್ದೆ.”

ಬಿಚ್ಚಿದಾಗ ಎಲ್ಲ ಕಣ್ಣಿಗೇ ಕಂಡಿತು. ಸಾವಿರಾರು ಮೈಲಿ ನೆಟ್ಟಗೆ ಓಡುವ ಗಾಡಿಗೆ ಬರುವ ರೋಗ ಅದು. ಹ್ಯಾಂಡಲ್ ಹೆಚ್ಚು ತಿರುಗುವುದೇ ಇಲ್ಲ, ಬೇರಿಂಗಿನ ಗುಂಡುಗಳು ಒಂದೇ ಜಾಗದಲ್ಲಿ ಕೂತು ಕೂತು, ತಾವು ಕೂತ ಬಟ್ಟಲಿನಲ್ಲಿ ಸಾಲಾಗಿ ಗುಳಿ ಕೊರೆಯುತ್ತವೆ. ವೇಗದಲ್ಲಿ ಮುಂಚಕ್ರ ಕ್ಷಣಕ್ಷಣವೂ ತನ್ನನ್ನು ತಾನೇ ಸರಿಪಡಿಸಿಕೊಳ್ಳಬೇಕು. ಗುಳಿ ಅದನ್ನು ಹಿಡಿದು ಬಿಡುತ್ತದೆ, ಹಿಡಿದು ಬಿಡುತ್ತದೆ. ಮೊದಲ ಸಲ ಟೈಲರ್ ಬಂದಾಗ ಮೇಸ್ತ್ರಿ ಇದನ್ನು ಬರೀ ಸಡಿಲ ಎಂದುಕೊಂಡು ನಟ್ಟು ಬಿಗಿ ಮಾಡಿದ್ದ. ಗುಳಿ ಬಿದ್ದದ್ದನ್ನು ಬಿಗಿ ಮಾಡಿದರೆ ರೋಗಿಯ ಬಾಯಿ ಕಟ್ಟಿದ ಹಾಗೆ. ನಿಧಾನಕ್ಕೆ ಹೋಗುವಾಗ ನಡುಕ ಕಾಣುವುದಿಲ್ಲ, ವೇಗ ಏರಿದಾಗ ದುಪ್ಪಟ್ಟಾಗಿ ಬರುತ್ತದೆ.

ಹೊಸ ಕೋನ್‌ಸೆಟ್ಟನ್ನು ಕೂರಿಸಿದ್ದು ಮಗಳು. ಅವನು ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ಬಾಯಲ್ಲಿ ಹೇಳಿದ. “ಹ್ಯಾಂಡಲ್ ಬಿಟ್ಟರೆ ತನ್ನ ಭಾರಕ್ಕೆ ತಾನೇ ಬೀಳಬೇಕು, ಆದ್ರೆ ಬಿದ್ದು ಕುಣೀಬಾರದು. ಇನ್ನೊಂದು ಚೂರು ಸಡಿಲಿಸು. ಹಾಂ, ಸಾಕು.” ಆಮೇಲೆ ಪೆಟ್ಟಿಗೆಗಳಿಗೆ ಮರಳಿನ ಚೀಲ, ಹಿಂದಿನ ಸೀಟಿಗೆ ಇನ್ನೊಂದು ಚೀಲ ಕಟ್ಟಿಕೊಂಡು ಅವಳು ಹೆದ್ದಾರಿಗೆ ಹೋಗಿ ಬಂದಳು. ನೂರಾ ಹದಿನೈದರಲ್ಲೂ ಗೆರೆ ಎಳೆದ ಹಾಗೆ ಓಡಿತು ಎಂದಳು. ಅವಳ ದನಿಯಲ್ಲಿ ಸಂತೋಷವಿರಲಿಲ್ಲ.

ಮೇಸ್ತ್ರಿ ಹಳೆಯ ಬಟ್ಟಲನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡ.

“ಎಲ್ಲಿಗೆ ಹೊರಟ್ರಿ?”

“ಟೈಲರ್ ಅಂಗಡಿಗೆ.”

“ಬೇಡಪ್ಪ. ಗಾಡಿ ಸರಿಯಾಯ್ತಲ್ಲ, ಕೊಟ್ಟು ಕೈ ತೊಳ್ಕೊಳ್ಳೋಣ. ಬೀಳೋವಾಗ ಹಾಳಾಗಿತ್ತು, ಬದಲಾಯಿಸಿದ್ವಿ ಅನ್ನಿ. ನಿಮ್ಮ ಬೆರಳಿನ ಸುದ್ದಿ ಒಬ್ಬರ ಬಾಯಿಗೆ ಬಿದ್ರೆ ಬೀದಿಗೆಲ್ಲ ಬಿದ್ದ ಹಾಗೆ. ಆಮೇಲೆ ಇಲ್ಲಿಗೆ ಯಾರು ಬರ್ತಾರೆ?”

“ಅವನು ಕತ್ತರಿ ಕೆಳಗಿಟ್ಟಿದ್ದಾನೆ ಕಣಮ್ಮ.”

“ಇವತ್ತಲ್ಲ ನಾಳೆ ಎತ್ಕೊಳ್ತಾರೆ!”

“ಎತ್ಕೊಳ್ಳದೇ ಇದ್ರೆ?” ಎಂದು ಕೇಳಿ ಅವನು ಚಪ್ಪಲಿ ಮೆಟ್ಟಿಕೊಂಡ.

ಟೈಲರ್ ಅಂಗಡಿಯ ಹಿಂದುಗಡೆಯೇ ಮನೆ. ನಡುವೆ ಒಂದು ಪರದೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಟೈಲರ್ ಹಳೆಯ ಅಂಗಿಯೊಂದರ ಗುಂಡಿ ಬಿಚ್ಚುತ್ತ ಕೂತಿದ್ದ. ಬಿಚ್ಚುವುದಕ್ಕೆ ಹೆಚ್ಚು ನಂಬಿಕೆ ಬೇಕಾಗುವುದಿಲ್ಲ. ಮೇಸ್ತ್ರಿ ಕಬ್ಬಿಣದ ಬಟ್ಟಲನ್ನು ಅವನ ಮುಂದಿಟ್ಟ.

“ಇದರೊಳಗೆ ಉಗುರು ಆಡಿಸಿ ನೋಡಿ.”

ಟೈಲರ್ ಆಡಿಸಿದ. ಟಿಕ್ ಟಿಕ್ ಟಿಕ್ ಎಂದಿತು. “ಏನಿದು, ಹೊಲಿಗೆ ಹಾಕಿದ ಹಾಗಿದೆ?”

“ನಿಮ್ಮ ಗಾಡಿ ನಡುಗಿದ್ದು ಇದರಿಂದ. ನಿಮ್ಮ ಕೈಯಿಂದ ಅಲ್ಲ. ನೀವು ಮೊದಲ ಸಲ ಬಂದಾಗಲೇ ಇದು ಹೀಗಿತ್ತು. ನನಗೆ ತಿಳೀಲಿಲ್ಲ. ನನ್ನ ಬೆರಳಿಗೆ ಸ್ಪರ್ಶ ಹೋಗಿದೆ ಟೈಲರೇ, ಎಂಟು ತಿಂಗಳಾಯ್ತು. ಅದನ್ನ ಮುಚ್ಚಿಕೊಳ್ಳೋಕೆ ನಿಮ್ಮ ಹಿಡಿತದ ಮೇಲೆ ಹಾಕಿದೆ.”

ಟೈಲರ್ ಬಟ್ಟಲಿನಲ್ಲಿ ಉಗುರು ಆಡಿಸುತ್ತಲೇ ಇದ್ದ. ಅವನ ಕಣ್ಣಲ್ಲಿ ನೀರು ತುಂಬಿತು, ಅದು ಕೋಪಕ್ಕೋ ಬಿಡುಗಡೆಗೋ ಅವನಿಗೇ ತಿಳಿದಂತಿರಲಿಲ್ಲ. ಮೇಸ್ತ್ರಿಗೆ ಮಾತ್ರ ಎದೆಯ ಮೇಲಿನ ಕಲ್ಲು ಅರ್ಧ ಇಳಿದಂತಾಯಿತು. ಹೇಳಿಬಿಟ್ಟೆ, ಇನ್ನು ಆದದ್ದಾಗಲಿ ಎಂದುಕೊಂಡ.

ಪರದೆ ಸರಿಯಿತು. ಕೈಯನ್ನು ಎದೆಗೆ ಕಟ್ಟಿಕೊಂಡು ಟೈಲರ್‌ನ ಹೆಂಡತಿ ನಿಂತಿದ್ದಳು. ಕೆನ್ನೆಯ ತರಚು ಇನ್ನೂ ಆರಿರಲಿಲ್ಲ. ಮೇಸ್ತ್ರಿಯನ್ನು ಯಾವತ್ತೂ ಅಣ್ಣ ಎಂದೇ ಕರೆದವಳು.

“ಬೆರಳಿನ ವಿಷಯ ನಿಮಗೆ ಆವಾಗಲೇ ಗೊತ್ತಿತ್ತಾ, ಅಣ್ಣ?”

“ಗೊತ್ತಿತ್ತು, ತಂಗಿ.”

“ಗೊತ್ತಿದ್ದೂ ನಮ್ಮನ್ನ ಕೂರಿಸಿ ಕಳಿಸಿದ್ರಿ.”

“ಹೌದು.”

ಅವಳು ಗಂಡನ ಕಡೆ ನೋಡಲಿಲ್ಲ. “ರಾತ್ರಿ ಇವರು ನಿದ್ದೇಲಿ ಬಿಡು ಬಿಡು ಅಂತಾರೆ. ಕೈ ಬಿಗಿ ಹಿಡಿದಿರುತ್ತೆ, ನಾನು ಒಂದೇ ಕೈಯಲ್ಲಿ ಬಿಡಿಸಬೇಕು. ಹೋಗ್ಲಿ. ನಮ್ಮದು ಆಗಿಹೋಯ್ತು.” ಉಸಿರು ತೆಗೆದುಕೊಂಡಳು. ಮೂಳೆ ನೋಯುತ್ತಿತ್ತೇನೋ. “ಈ ಎಂಟು ತಿಂಗಳಲ್ಲಿ ಇನ್ನೆಷ್ಟು ಗಾಡಿ ಮುಟ್ಟಿದ್ದೀರಿ?”

ಅದನ್ನು ಮೇಸ್ತ್ರಿ ಯೋಚಿಸಿಯೇ ಇರಲಿಲ್ಲ. ಸತ್ಯ ಹೇಳಲೆಂದು ಬಂದವನಿಗೆ ಸತ್ಯ ಎಷ್ಟುದ್ದ ಇದೆ ಎಂಬುದೇ ಗೊತ್ತಿರಲಿಲ್ಲ.

“ಇಲ್ಲಿ ನಿಂತು ಏನು ಮಾಡ್ತೀರಿ?” ಎಂದಳು ಅವಳು. “ಹೋಗಿ.”

ವರ್ಕ್‌ಶಾಪಿಗೆ ಅವನು ಹೆಚ್ಚುಕಡಿಮೆ ಓಡುತ್ತಲೇ ಬಂದ. “ಎಂಟು ತಿಂಗಳ ಕೆಲಸದ ಚೀಟಿಗಳನ್ನೆಲ್ಲ ತೆಗಿ,” ಎಂದ. ಅಪ್ಪನೊಡನೆ ಜಗಳವಾಡಬೇಕೆಂದು ಕಾದು ಕೂತಿದ್ದ ಮಗಳು, ಅವನ ಮುಖ ನೋಡಿ ಚೀಟಿಗಳ ಕಟ್ಟು ಬಿಚ್ಚಿದಳು. ಕೋನ್‌ಸೆಟ್ ಎಂದು ಬರೆದ ಚೀಟಿಗಳನ್ನು ಬೇರೆ ಮಾಡಿದಳು. ಟೈಲರ್‌ನದು ಬಿಟ್ಟು ಹನ್ನೊಂದು.

ನಂಬರು ಒತ್ತಲು ಮೇಸ್ತ್ರಿಯ ಬೆರಳಿಗೆ ಬರುತ್ತಿರಲಿಲ್ಲ. ಅವಳು ಒತ್ತಿ ಕೊಡುತ್ತಿದ್ದಳು, ಅವನು ಹೇಳುತ್ತಿದ್ದ: ಗಾಡಿ ತೆಗೀಬೇಡಿ, ನಾವೇ ಬಂದು ತಗೊಂಡು ಹೋಗ್ತೀವಿ, ತಪ್ಪು ನಂದು. ಮೊದಲನೆಯವನು ಅವನ ಮನೆತನವನ್ನೆಲ್ಲ ಎತ್ತಿ ಬೈದ. ಎರಡನೆಯವನು “ನಂದು ಚೆನ್ನಾಗೇ ಓಡ್ತಿದೆ, ನಿಮಗೇನು ತಲೆ ಕೆಟ್ಟಿದೆಯಾ?” ಎಂದು ನಕ್ಕ. ಮೂರನೆಯವನು ಗಾಡಿ ಮಾರಿಬಿಟ್ಟಿದ್ದ, ಕೊಂಡವನ ಹೆಸರು ನೆನಪಿಲ್ಲ ಎಂದ. ಸಂಜೆಯಾಗುವಷ್ಟರಲ್ಲಿ ಹತ್ತು ಚೀಟಿ ಪಕ್ಕಕ್ಕೆ ಸರಿದವು. ಎದುರಿನ ಅಂಗಡಿಯವನು ತಮಾಷೆಗೆಂದು ಬಂದವನು, ಎರಡು ಮಾತು ಕಿವಿಗೆ ಬಿದ್ದದ್ದೇ ತಡ, ಬಂದ ದಾರಿಯಲ್ಲೇ ಹಿಂದಿರುಗಿದ.

ತಾರೀಖಿನ ಪ್ರಕಾರ ಕೊನೆಯ, ಹನ್ನೊಂದನೆಯ ಚೀಟಿ ನರ್ಸ್ ಒಬ್ಬಳ ಗಾಡಿಯದು. ಹೋದ ವಾರವಷ್ಟೇ ತಂದಿದ್ದಳು. ರಜೆ ಸಿಕ್ಕಿದೆ, ಅಕ್ಕನ ಮನೆಗೆ ಒಬ್ಬಳೇ ಹೋಗ್ತೀನಿ, ಎರಡು ದಿನದ ದಾರಿ, ಹೊಸ ರಸ್ತೆ ನೇರ ಇದೆಯಂತೆ ಎಂದು ಸಂಭ್ರಮದಲ್ಲಿ ಹೇಳಿದ್ದಳು. ಚೀಟಿಯ ಮೇಲೆ ಹೊರಡುವ ತಾರೀಖು ಬರೆದಿತ್ತು. ನಿನ್ನೆಯದು.

ಮಗಳು ನಂಬರು ಒತ್ತಿದಳು. ಇಬ್ಬರೂ ಕೇಳಿಸಿಕೊಂಡರು. ರಿಂಗಾಯಿತು, ಆಗುತ್ತಲೇ ಇತ್ತು, ಕೊನೆಗೆ ತಾನೇ ನಿಂತಿತು.

“ಗಾಡಿ ಓಡಿಸ್ತಿರಬೇಕು. ಕೇಳಿಸಿರಲ್ಲ,” ಎಂದಳು ಮಗಳು.

“ಅದೇ,” ಎಂದ ಮೇಸ್ತ್ರಿ. “ಓಡಿಸ್ತಿರಬೇಕು.”

ಚೀಟಿಯನ್ನು ಮತ್ತೆ ಅವಳ ಮುಂದೆ ಸರಿಸಿ ಹೇಳಿದ: “ಇನ್ನೊಂದ್ಸಲ ಮಾಡು.”