ನ್ಯೂಮಾ ಮಾಡಿದ ಒಂದೇ ವಾಚು

ರೆಮಿಯನ್ನು ಕಂಡರೆ ನನಗೆ ಹೊಟ್ಟೆಯುರಿ. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ವಾಚು ತಯಾರಿಕೆಗೆ ಹೆಸರಾದ ನಮ್ಮ ಲೆ ಲೋಕ್ಲ್ ಊರಿನಲ್ಲಿ ವಾಚು ಕೂಡಿಡುವವರಿಗೆ ಬರವಿಲ್ಲ. ಆದರೆ ನಾನು ವರ್ಷಗಟ್ಟಲೆ ಹುಡುಕಿಯೂ ಸಿಗದ ಮಾಲು ಅವನಿಗೆ ಯಾರೋ ಮುದುಕಿಯ ಹೊಲಿಗೆ ಡಬ್ಬಿಯಲ್ಲಿ ಸಿಕ್ಕಿಬಿಡುತ್ತದೆ. "ನೋಡೋ ಗಾಸ್ತೋನ್, ಚೆನ್ನಾಗಿದೆಯಾ?" ಎಂದು ಬೇರೆ ಕೇಳುತ್ತಾನೆ. ಚೆನ್ನಾಗಿಯೇ ಇರುತ್ತದೆ, ಅದೇ ನನ್ನ ಸಂಕಟ.

ಅವನಿಗೆ ನಿಷ್ಠೆ ಎಂಬುದಿಲ್ಲ. ನಾನು ಕೀ ಕೊಡುವ ವಾಚು ಬಿಟ್ಟು ಬೇರೆಯದನ್ನು ಮುಟ್ಟಿದವನಲ್ಲ. ಸೆಲ್ ವಾಚು ಬಂದ ಮೇಲೆ ಅಪ್ಪ ದುಡಿಯುತ್ತಿದ್ದ ವಾಚಿನ ಕಾರ್ಖಾನೆ ಮುಚ್ಚಿತು. ಅಪ್ಪ ಉಳಿದ ಕಾಲವನ್ನು ಮೊಲ ಸಾಕುತ್ತ ಕಳೆದ. ರೆಮಿಯ ಅಪ್ಪನೂ ಅದೇ ಕಾರ್ಖಾನೆಯವನು. ಆದರೂ ರೆಮಿಯ ಬೀರುವಿನ ಒಂದು ಖಾನೆ ತುಂಬ ಸೆಲ್ ವಾಚುಗಳಿವೆ. ಕೇಳಿದರೆ, "ಟೈಮ್ ಸರಿಯಾಗಿ ತೋರಿಸ್ತವೆ ಕಣೋ. ಅವೇನು ಪಾಪ ಮಾಡಿದ್ವು?" ಎನ್ನುತ್ತಾನೆ.

ಗುರುವಾರ ಸಂಜೆ ಸ್ಟೇಷನ್ ಕೆಳಗಿನ ಕೆಫೆಯಲ್ಲಿ ನಾವೆಲ್ಲ ಒಂದು ಮೇಜಿಗೆ ಸೇರುತ್ತೇವೆ. ಅಲ್ಲೊಂದು ಪದ್ಧತಿಯಿದೆ. ಯಾರಾದರೂ ಸೆಲ್ ವಾಚು ಕಟ್ಟಿಕೊಂಡು ಬಂದರೆ ಬಿಚ್ಚಿಸಿ, ಮೇಲೆ ಸೂಪಿನ ಬಟ್ಟಲು ಬೋರಲು ಹಾಕುತ್ತೇವೆ. ಎಲ್ಲರೂ ಎದ್ದು ಹೊರಡುವ ತನಕ ಅದಕ್ಕೆ ಬಿಡುಗಡೆಯಿಲ್ಲ. ರೆಮಿ ಎಷ್ಟೋ ಸಲ ಈ ಶಿಕ್ಷೆಯನ್ನು ನಗುನಗುತ್ತಲೇ ಅನುಭವಿಸಿದ್ದಾನೆ.

ಈ ಕೂಟ ಕಟ್ಟಿದವನು ನ್ಯೂಮಾ. ಆತ ತಿರುಪಿನಿಂದ ಹಿಡಿದು ಎಲ್ಲವನ್ನೂ ಕೈಯಾರೆ ಮಾಡಿದ್ದು ಜೀವಮಾನದಲ್ಲಿ ಒಂದೇ ವಾಚು. ಇನ್ನೂ ಮುಗಿದಿಲ್ಲ ಎನ್ನುತ್ತ ನಮಗ್ಯಾರಿಗೂ ತೋರಿಸಲಿಲ್ಲ. ಆತ ತೀರಿಕೊಂಡಾಗ ಅದು ಆತನ ಅಕ್ಕ ಎಡ್ಮೆಯವರಿಗೆ ಹೋಯಿತು. ಆಸ್ಪತ್ರೆಯಲ್ಲಿ ನರ್ಸಾಗಿ ನಿವೃತ್ತರಾದ ಅವರು ಈಗ ತಮ್ಮನ ಕುರ್ಚಿಯಲ್ಲಿ ಬಂದು ಕೂರುತ್ತಾರೆ. "ನಿಮ್ಮಿಬ್ಬರಲ್ಲಿ ಒಬ್ಬರಿಗೆ ಕೊಡ್ತೀನಿ. ಸ್ವಲ್ಪ ಯೋಚನೆ ಮಾಡೋಕೆ ಬಿಡಿ," ಎಂದು ನನಗೂ ರೆಮಿಗೂ ಹೇಳಿದ್ದರು.

ಅಂದಿನಿಂದ ಅವರ ಮನೆಗೆ ಸೌದೆ ಒಡೆದುಕೊಟ್ಟೆ, ಬಾಗಿಲ ಮುಂದಿನ ಹಿಮ ಬಳಿದು ತೆಗೆದೆ, ಸಾಸೇಜು ಕೊಂಡೊಯ್ದೆ. ಕೂತರೂ ನಿಂತರೂ ಆ ವಾಚಿನದೇ ಧ್ಯಾನ. ಕಂಡಿರದ ಅದರ ಮುಖವನ್ನು ನಾನೇ ಕಲ್ಪಿಸಿಕೊಂಡಿದ್ದೆ. ಅದರ ಸೆಕೆಂಡಿನ ಮುಳ್ಳು ಎಣ್ಣೆ ಸವರಿದಂತೆ ಜಾರುತ್ತಿತ್ತು. ಅದು ನನಗೆ ಸಿಗಬೇಕು. ರೆಮಿಗೆ ಸಿಗಬಾರದು ಎನ್ನುವುದು ಅದಕ್ಕಿಂತಲೂ ಹೆಚ್ಚು ಬೇಕಾಗಿತ್ತು.

ಈ ಗುರುವಾರ ರೆಮಿ ತಡವಾಗಿ ಬಂದು ನನ್ನೆದುರು ಕೂತ. ಬ್ರೆಡ್ಡಿಗೆ ಕೈ ಚಾಚಿದಾಗ ಮಣಿಕಟ್ಟು ಕಂಡಿತು. ಬಿಳಿ ಮುಖದ ಸಾದಾ ವಾಚು. ಸೆಕೆಂಡಿನ ಮುಳ್ಳು ಒಂದು ಹೆಜ್ಜೆ ನೆಗೆದು ನಿಂತಿತು, ಮತ್ತೆ ನೆಗೆದು ನಿಂತಿತು. ಕೀ ಕೊಡುವ ವಾಚಿನಲ್ಲಿ ಮುಳ್ಳು ಜಾರುತ್ತ ಹೋಗುತ್ತದೆ. ನೆಗೆದು ನಿಲ್ಲುವುದು ಸೆಲ್ಲಿನ ನಡಿಗೆ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಏನಯ್ಯಾ, ಮದಾಂ ಎಡ್ಮೆ ಇರೋ ಕಡೆ ಸೆಲ್ ಕಟ್ಕೊಂಡು ಬಂದಿದ್ಯಲ್ಲ," ಎಂದೆ. "ನ್ಯೂಮಾ ಸತ್ತು ವರ್ಷ ಆಗಿಲ್ಲ. ಚೂರಾದ್ರೂ ಮರ್ಯಾದೆ ಬೇಡ್ವಾ?"

ರೆಮಿ ನಗಲಿಲ್ಲ. "ಇವತ್ತು ಬೇಡ ಬಿಡು, ಗಾಸ್ತೋನ್."

"ಪದ್ಧತಿ ಅಂದ್ರೆ ಪದ್ಧತಿ. ಬಿಚ್ಚು. ಪೆಟ್ರೋಲ್ ಬಂಕಲ್ಲಿ ಚೂಯಿಂಗ್ ಗಮ್ ಪಕ್ಕ ನೇತಾಕಿರೋ ಮಾಲು, ಅದಕ್ಕೇನು ಇಷ್ಟೊಂದು ಬಿಂಕ?"

ಅವನು ಎಡ್ಮೆಯವರ ಮುಖ ನೋಡಿದ. "ಕೊಡು ಅವನಿಗೆ," ಎಂದರು ಅವರು. ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವಂತೆ ನಾನು ಬೆಲ್ಟಿನ ತುದಿ ಹಿಡಿದು, ಅದನ್ನು ಸರಿಯಾಗಿ ನೋಡದೆ ಮೇಜಿನ ಮೇಲೆ ಹಾಕಿ ಬಟ್ಟಲು ಮುಚ್ಚಿದೆ. ಸುತ್ತಲಿನವರೆಲ್ಲ ನಕ್ಕರು.

ಎಡ್ಮೆ ಬಟ್ಟಲು ಎತ್ತಿ ಪಕ್ಕಕ್ಕಿಟ್ಟರು. "ವಾರ್ಡಲ್ಲಿ ನಾಡಿ ಎಣಿಸುವಾಗ ಜಾರೋ ಮುಳ್ಳು ನೋಡಿ ನೋಡಿ ಲೆಕ್ಕ ತಪ್ತಿತ್ತು ನನಗೆ. ಸೆಕೆಂಡಿಗೊಂದ್ಸಲ ನಿಂತು ಹೋಗೋ ಹಾಗೆ ಮಾಡ್ಕೊಡ್ತೀನಿ ಅಂದಿದ್ದ ನ್ಯೂಮಾ. ಅಷ್ಟರಲ್ಲಿ ನನ್ನ ಕೆಲಸವೇ ಮುಗೀತು. ಆದ್ರೂ ಬಿಡ್ಲಿಲ್ಲ ಅವನು."

ಕೀ ಕೊಡುವ ವಾಚಿನಲ್ಲೂ ಮುಳ್ಳನ್ನು ಹಾಗೆ ನಿಲ್ಲಿಸಬಹುದು. ಬಲು ಕಷ್ಟದ ಕೆಲಸ, ಮಾಡಬಲ್ಲವರು ವಿರಳ. ಈ ಊರಿನಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಸಂಗತಿ, ನನಗೂ ಗೊತ್ತಿತ್ತು. ಆದರೆ ವಾಚು ಇದ್ದದ್ದು ರೆಮಿಯ ಕೈಯಲ್ಲಿ, ಸೆಲ್ ಅಲ್ಲದೆ ಬೇರೇನೂ ನನಗೆ ಹೊಳೆಯಲಿಲ್ಲ.

"ಇದನ್ನ ನಿನ್ನೆ ಇವನಿಗೆ ಕೊಟ್ಟೆ," ಎಂದರು ಎಡ್ಮೆ. "ಕೊಟ್ಟ ಮೇಲೆ ನಿದ್ದೆನೇ ಬರ್ಲಿಲ್ಲ. ಗಾಸ್ತೋನ್‌ಗೆ ಅನ್ಯಾಯ ಮಾಡಿದ್ನೇನೋ, ಪಾಪ ಅಷ್ಟೊಂದು ಸೌದೆ ಒಡ್ಕೊಟ್ಟಿದ್ದಾನೆ ಅಂತ. ಇವತ್ತು ನಿದ್ದೆ ಬರುತ್ತೆ ಬಿಡು."

ರೆಮಿ ವಾಚನ್ನು ನನ್ನ ಅಂಗೈಯಲ್ಲಿಟ್ಟ. "ಕಿವಿಗಿಟ್ಕೊಂಡು ಕೇಳೋ," ಎಂದ. ಅವನ ದನಿಯಲ್ಲಿ ಕನಿಕರವಿತ್ತು, ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಿವಿಗಿಟ್ಟೆ. ಹೊರಗೆ ಮುಳ್ಳು ನಿಂತಾಗಲೂ ಒಳಗೆ ಸಣ್ಣ ಸದ್ದು ಬಿಡದೆ ಓಡುತ್ತಿತ್ತು. ಅಷ್ಟು ಚೆಂದದ ಸದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

"ಚೂರು ಮುಂದೆ ಓಡ್ತಿದೆ," ಎಂದೆ.

ರೆಮಿ ಕೈ ಚಾಚಿಕೊಂಡು ಕಾದ. ಕೊನೆಗೆ ಅವನೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ವಾಚನ್ನು ತೆಗೆದುಕೊಂಡ.