ಎರಡನೆಯ ಚರಣ

"ಇನ್ನೊಂದ್ ಸಲ ಹೇಳು," ಎಂದಳು ತಾಯಿ, ಗೇರು ಬದಲಿಸುತ್ತ.

ವ್ಯಾನಿನ ಹಿಂದಿನ ಸೀಟಿನಲ್ಲಿ, ಪರದೆ ಬಟ್ಟೆಯ ಎರಡು ಥಾನುಗಳ ನಡುವೆ ಕೂತಿದ್ದ ಗುಂಡಿ ಬಾಯಲ್ಲಿದ್ದ ಬಿಸ್ಕತ್ತು ನುಂಗಿ ಪಾಠ ಒಪ್ಪಿಸಿದಳು. "ಹರಿದ ಮೋಡಕೆ ಹೊಲಿಗೆಯ ಹಾಕಿ ನಮ್ಮನೆ ಕಿಟಕಿಗೆ ಬಂದ. ಇದು ನಮ್ಮಮ್ಮ ಮಾಡಿದ ಹಾಡು."

"ಕೊನೇದನ್ನ ಇನ್ನೂ ಜೋರಾಗಿ."

"ಇದು ನಮ್ಮಮ್ಮ ಮಾಡಿದ ಹಾಡು!"

"ಹಾಂ, ಹಾಗೆ."

ಗುಂಡಿಗೆ ನಾಲ್ಕೂವರೆ ವರ್ಷ. ತೆವಳುವ ಕಾಲದಲ್ಲಿ ಯಾರದೋ ಷರಟಿನ ಗುಂಡಿ ನುಂಗಿ, ಎರಡು ದಿನ ಎಲ್ಲರ ಜೀವ ಬಾಯಿಗೆ ತಂದು, ಆ ಹೆಸರು ಸಂಪಾದಿಸಿದವಳು. ನಾಚಿಕೆ ಎಂಬುದು ಅವಳ ಹತ್ತಿರ ಸುಳಿದಿರಲಿಲ್ಲ. ತಾಯಿಯ ಪರದೆ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ "ನಿಮ್ಮ ಮೂಗ್ಯಾಕೆ ಹಾಗಿದೆ?" ಎಂದು ಕೇಳುವ ಗಟ್ಟಿ ಬಾಯಿ. ಆ ಬಾಯಿಯನ್ನೇ ನಂಬಿಕೊಂಡು ತಾಯಿ ಬೆಳಿಗ್ಗೆ ಹನ್ನೊಂದಕ್ಕೇ ಅಂಗಡಿಗೆ ಬೀಗ ಹಾಕಿ ನಾಲ್ಕು ಗಂಟೆಯ ದಾರಿ ಹಿಡಿದಿದ್ದಳು. ಅವಳದೋ, ನಾಲ್ಕು ಜನರ ಮುಂದೆ ಬಾಯಿ ತೆರೆದರೆ ಗಂಟಲು ಕಟ್ಟುವ ಜಾತಕ. ಗಿರಾಕಿಯ ಜೊತೆ ಚೌಕಾಸಿ ಮಾಡುವಾಗಲೂ ಅಳತೆಪಟ್ಟಿಯನ್ನೇ ನೋಡುತ್ತ ಮಾತಾಡುವವಳು.

ಹಾಡು ಅವಳದೇ. ಆರು ವರ್ಷದ ಹಿಂದೆ ಹೊಲಿಗೆ ಯಂತ್ರ ತುಳಿಯುತ್ತ, ಆ ಟಕಟಕಕ್ಕೆ ಕೂಡಿಸಿ ಗುನುಗಿದ್ದು:

ಸೂಜಿಯ ಕಣ್ಣಲಿ ಇಣುಕಿದ ಚಂದಿರ
ದಾರವ ಕೇಳಿ ಎಲ್ಲಿಗೆ ಹೋದ?

ಅದೇ ಕೋಣೆಯ ಮಂಚದ ಮೇಲೆ ಕಾಲು ಚಾಚಿಕೊಂಡು ಕಡಲೆಕಾಯಿ ತಿನ್ನುತ್ತಿದ್ದ ತಂಗಿ ಅದನ್ನು ಕೇಳಿಸಿಕೊಂಡಳು. ಕೇಳಿಸಿಕೊಂಡದ್ದನ್ನು ಎತ್ತಿಕೊಂಡು ಒಂದು ವಾದ್ಯಗೋಷ್ಠಿಯ ಜೊತೆ ಹೊರಟುಹೋದಳು. ಈಗ ಊರೂರಲ್ಲಿ ಅದೇ ಹಾಡು. ಹೋದ ತಿಂಗಳು ರೇಡಿಯೋದಲ್ಲಿ ಯಾರೋ ಕೇಳಿದಾಗ ತಂಗಿ ನಿಟ್ಟುಸಿರು ಬಿಟ್ಟು, "ಕಿಟಕಿ ಹತ್ರ ಸುಮ್ನೆ ಕೂತಿದ್ದೆ. ಹಾಡು ತಾನಾಗೇ ಇಳಿದು ಬಂತು" ಎಂದಿದ್ದಳು.

ಇಳಿದು ಬಂತಂತೆ! ಲಂಗದ ಹುಕ್ಕು ಕಿತ್ತರೆ ಪಿನ್ನು ಚುಚ್ಚಿಕೊಂಡು ಓಡಾಡುತ್ತಿದ್ದವಳು, ಸೂಜಿಗೆ ದಾರ ಪೋಣಿಸಲು ಬಾರದವಳು, ಅವಳ ಬಾಯಿಗೆ ಸೂಜಿಯ ಕಣ್ಣು ತಾನಾಗಿ ಇಳಿದು ಬಂತಂತೆ. ಅದನ್ನು ಕೇಳಿದ ದಿನ ಈ ಅಕ್ಕ ಯಾರದೋ ಮನೆಯ ಪರದೆಯನ್ನು ಅಡ್ಡಾದಿಡ್ಡಿ ಕತ್ತರಿಸಿ ಹಾಳುಮಾಡಿದ್ದಳು. ಹೊಟ್ಟೆಯುರಿ ಇನ್ನೂ ಆರಿರಲಿಲ್ಲ. ಆರುವುದು ಅವಳಿಗೆ ಬೇಕಾಗಿಯೂ ಇರಲಿಲ್ಲ.

ಆದರೆ ಎರಡನೆಯ ಚರಣ ತಂಗಿಗೆ ಗೊತ್ತಿಲ್ಲ. ಅದು ಗುಂಡಿ ಹುಟ್ಟಿದ ವಾರದಲ್ಲಿ ಹುಟ್ಟಿದ್ದು. ದಿನವೂ ತೊಡೆಯ ಮೇಲೆ ಮಲಗಿಸಿ ಹಾಡುವಂಥದ್ದು. ತಂಗಿ ಪ್ರತಿ ಕಾರ್ಯಕ್ರಮದಲ್ಲೂ ಮೊದಲ ಚರಣ ಮುಗಿಸಿ, ವೇದಿಕೆಯಿಂದ ಇಳಿದು, ಮುಂದಿನ ಸಾಲಿನ ಮಕ್ಕಳ ಬಾಯಿಗೆ ಮೈಕು ಹಿಡಿಯುತ್ತಾಳೆ. ಅಕ್ಕ ಅದನ್ನು ಫೋನಿನಲ್ಲಿ ಇಪ್ಪತ್ತು ಸಲ ನೋಡಿದ್ದಳು. ಇಂದಿನ ಕಾರ್ಯಕ್ರಮಕ್ಕೆ ಮುಂದಿನ ಸಾಲಿನಲ್ಲೇ ಎರಡು ಸೀಟು ಕಾಯ್ದಿರಿಸಿದ್ದಳು.

"ನಾನು ಹೇಳಿದ್ರೆ ಚಿಕ್ಕಮ್ಮ ಅಳ್ತಾಳಾ?" ಎಂದು ಗುಂಡಿ ಕೇಳಿದಳು.

"ಅಳಲಿ."

"ತುಂಬಾ?"

"ಹೊಟ್ಟೆ ತುಂಬಾ ಅಳಲಿ."

"ರಾಗ ಹಾಕಿ ಹಾಡ್ಲಾ ಅಮ್ಮಾ?"

"ಬೇಡ, ಗಂಟಲು ಕಟ್ಟುತ್ತೆ. ಅಲ್ಲಿ ಹಾಡಿದ್ರೆ ಸಾಕು. ಈಗ ಬರೀ ಹೇಳು."

ಸಭಾಂಗಣ ತಲುಪಿದಾಗ ಮಧ್ಯಾಹ್ನ ಮೂರೂವರೆ. ವೇದಿಕೆಯ ಪರದೆಯ ಅಂಚಿನ ಮಡಿಕೆ ಒಂದು ಕಡೆ ಗಿಡ್ಡವಾಗಿತ್ತು. ದುಡ್ಡು ತಗೊಂಡು ಇಂಥ ಕೆಲಸ ಮಾಡುತ್ತಾರಲ್ಲ ಎಂದು ಅಕ್ಕನಿಗೆ ಆ ಸಂದರ್ಭದಲ್ಲೂ ಸಿಟ್ಟು ಬಂತು. ಗುಂಡಿ ಸೀಟಿನ ಮೇಲೆ ಹತ್ತಿ ನಿಂತು ಹಿಂದಿನವರಿಗೆಲ್ಲ ತನ್ನ ಹೊಸ ಷೂ ತೋರಿಸಿದಳು. ಮೊದಲ ನಾಲ್ಕು ಹಾಡಿಗೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಅಕ್ಕ ಹಲ್ಲು ಕಚ್ಚಿ ಕಾದಳು.

ಐದನೆಯದು ಅದೇ. ದೀಪಗಳು ಸಣ್ಣದಾದವು. "ಸೂಜಿಯ ಕಣ್ಣಲಿ..." ಎಂದು ತಂಗಿ ಎತ್ತಿಕೊಂಡಳು. ಏನೇ ಹೇಳಿ, ಕಂಠ ಮಾತ್ರ ಚೆನ್ನಾಗಿತ್ತು, ಅದೂ ಅಕ್ಕನಿಗೆ ಉರಿಯಿತು.

"ಈಗ ಬರ್ತಾಳೆ, ರೆಡಿಯಾಗು," ಎಂದು ಮಗಳ ಕಡೆ ಬಾಗಿದಳು.

ಗುಂಡಿ ಆಕಳಿಸಿದಳು. ಹಾಡಿನ ಎರಡನೆಯ ಸಾಲಿಗೆ ಬೆರಳು ಬಾಯಿಗೆ ಹೋಯಿತು. "ಎಲ್ಲಿಗೆ ಹೋದ" ಎನ್ನುವಷ್ಟರಲ್ಲಿ ತಲೆ ತಾಯಿಯ ತೊಡೆಗೆ ಬಂದು ಬಿತ್ತು.

"ಏ ಗುಂಡೀ, ಏಳೇ!" ಅಲುಗಾಡಿಸಿದಳು. ಕೆನ್ನೆ ತಟ್ಟಿದಳು. ನಾಲ್ಕೂವರೆ ವರ್ಷ ಒಂದು ರಾತ್ರಿಯೂ ತಪ್ಪಿಸದೆ ಇದೇ ಹಾಡಿಗೆ ನಿದ್ದೆ ಹೋದ ಮಗು ಈಗಲೂ ಹಾಗೆಯೇ ಹೋಗಿತ್ತು. ಅಕ್ಕನಿಗೆ ತನ್ನ ತಲೆ ತಾನೇ ಚಚ್ಚಿಕೊಳ್ಳಬೇಕೆನಿಸಿತು.

ಅಷ್ಟರಲ್ಲಿ ಜರತಾರಿ ಸೀರೆಯಂಚು ಎದುರು ಬಂದು ನಿಂತಿತು. ಮೈಕು ಹಿಡಿದ ತಂಗಿ ಮೊದಲು ಮಗುವನ್ನು ಕಂಡು ನಕ್ಕಳು. "ನೋಡಿ, ಇಲ್ಲೊಬ್ಳು ಪುಟಾಣಿ ಮಲಗೇಬಿಟ್ಲು! ನನ್ನ ಹಾಡಿಗೆ ಇದಕ್ಕಿಂತ ದೊಡ್ಡ ಬಹುಮಾನ ಬೇಕಾ?" ಎಂದು ಮಂಡಿಯೂರಿದಳು. ಆಮೇಲೆ ತಲೆಯೆತ್ತಿ ಅಕ್ಕನನ್ನು ನೋಡಿದಳು. ಮುಖದ ನಗು ಹಾಗೇ ನಿಂತಿತು, ಕಣ್ಣಿನದು ಹೋಯಿತು.

ಸಭೆಯೆಲ್ಲ ಚಪ್ಪಾಳೆ. ಅಕ್ಕ ಬಾಯಿ ತೆರೆದಳು. ಆಮೇಲೆ ಗಿರಾಕಿಯ ಮುಂದೆ ಅಳತೆಪಟ್ಟಿ ನೋಡುವಂತೆ ತಂಗಿಯ ಸೀರೆಯಂಚನ್ನೇ ನೋಡುತ್ತ ಕೂತುಬಿಟ್ಟಳು.

ಚಪ್ಪಾಳೆಯ ಸದ್ದಿಗೆ ಗುಂಡಿ ಬೆಚ್ಚಿದಳು. ಹುಬ್ಬು ಗಂಟಾಯಿತು, ಕೆಳತುಟಿ ಅಳುವಿಗೆ ಹೊರಳಿತು. ತಾಯಿಯ ಕೈ ತಾನಾಗಿ ಅವಳ ಬೆನ್ನಿಗೆ ಹೋಯಿತು. ಸಭೆ, ಸೇಡು, ಎದುರಿಗಿದ್ದ ಕಳ್ಳಿ, ಎಲ್ಲ ಆ ಕ್ಷಣಕ್ಕೆ ಮರೆತು, ಅವಳು ಮನೆಯಲ್ಲಿ ಹಾಡುವಂತೆಯೇ ಹಾಡಿದಳು.

ಹರಿದ ಮೋಡಕೆ ಹೊಲಿಗೆಯ ಹಾಕಿ
ನಮ್ಮನೆ ಕಿಟಕಿಗೆ ಬಂದ...

ಮಂಡಿಯೂರಿದ್ದ ತಂಗಿಯ ಮೈಕು ಗೇಣು ದೂರದಲ್ಲಿತ್ತು. ಮಗ್ಗುಲ ಸಾಲಿನವರು ಮೊದಲು ಸುಮ್ಮನಾದರು, ಆಮೇಲೆ ಹಿಂದಿನವರು. ವೇದಿಕೆಯ ಮೇಲೆ ಕೊಳಲಿನವನು ಕೊಳಲು ಇಳಿಸಿದ. ಗುಂಡಿಯ ತುಟಿ ಸಡಿಲವಾಯಿತು.

ತಂಗಿ ಉಸಿರು ಹಿಡಿದು ಕೇಳುತ್ತಿದ್ದಳು, ಆ ಮಂಚದ ಮೇಲೆ ಕೇಳುತ್ತಿದ್ದ ಹಾಗೆ.

"ಅಕ್ಕಾ," ಎಂದು ಪಿಸುಗುಟ್ಟಿದಳು, "ಇದನ್ನ ಯಾವಾಗ ಮಾಡ್ದೆ?"

ಗೋಡೆಗೋಡೆಯ ಸ್ಪೀಕರುಗಳಿಂದ ಆ ಪಿಸುಮಾತು ಕೊನೆಯ ಸಾಲಿನವರೆಗೂ ಹೋಯಿತು. ಹೋದಮೇಲೆ ತಂಗಿಗೆ ಕೈಯಲ್ಲಿದ್ದ ಮೈಕು ನೆನಪಾಯಿತು. ಅದರ ಸ್ವಿಚ್ಚು ಎಲ್ಲಿದೆಯೆಂದು ತಡಕಾಡಿದಳು, ಆರಿಸಲಾಗಲಿಲ್ಲ.

ಅಕ್ಕ ತಲೆ ಬಗ್ಗಿಸಿ ಮಗಳ ಬೆನ್ನು ತಟ್ಟುತ್ತಲೇ ಇದ್ದಳು. ಇಡೀ ಸಭಾಂಗಣದಲ್ಲಿ ಕೇಳುತ್ತಿದ್ದದ್ದು ಅದೊಂದೇ ಸದ್ದು: ತಟ್ ತಟ್, ತಟ್ ತಟ್, ಯಂತ್ರ ತುಳಿದಷ್ಟೇ ಸಮನಾಗಿ.