ತುಕ್ಕು ಹಿಡಿಯುವಷ್ಟು ಹೊತ್ತು

ಮನೆ ಪಾಲಾಗುವುದು ಎಲ್ಲ ಕಡೆ ಇದ್ದದ್ದೇ. ಕಾರು ಪಾಲಾದದ್ದನ್ನು ಮಾತ್ರ ಆ ಬೀದಿಯವರು ಅದೇ ಮೊದಲು ಕಂಡದ್ದು. ಅಪ್ಪ ತೀರಿಕೊಂಡ ಮೂರನೇ ತಿಂಗಳಿಗೆ ಹಿರಿಯ ಮಗ ದೊಡ್ಡಮೇಸ್ತ್ರಿ ಎಂಜಿನ್ನನ್ನು ಬಿಚ್ಚಿ, ಕೈಗಾಡಿಗೆ ಹೇರಿಕೊಂಡು, ನಾಲ್ಕು ಬೀದಿ ಆಚೆಯ ತನ್ನ ಮನೆಗೆ ಹೊರಟುಹೋದ. ಮಿಕ್ಕ ಕಾರು ತಮ್ಮನ ಪಾಲಿಗೆ ಉಳಿಯಿತು. ತಮ್ಮನನ್ನು ಜನ ಚಿಕ್ಕಮೇಸ್ತ್ರಿ ಎನ್ನುತ್ತಿದ್ದರು. ಈಗ ಅವನಿಗೆ ಐವತ್ತೊಂಬತ್ತು. ತಲೆಯಲ್ಲಿ ಕಪ್ಪು ಕೂದಲು ಹುಡುಕಬೇಕು, ಆದರೂ ಚಿಕ್ಕ ಎಂಬುದು ಹೋಗಿಲ್ಲ.

ಕಾರು ನೂರು ವರ್ಷ ದಾಟಿದ್ದು. ಮೇಲೆ ಚಾವಣಿಯಿಲ್ಲ, ನಾಲ್ಕು ಸೀಟು, ಮರದ ಚಕ್ರ, ಹಿತ್ತಾಳೆಯ ದೀಪ, ಮುಂದೆ ಕೈಯಿಂದ ತಿರುಗಿಸುವ ಹ್ಯಾಂಡಲ್. ಅಪ್ಪನಿಗೆ ಅದು ಸಿಕ್ಕಿದ್ದು ಒಂದು ಇಟ್ಟಿಗೆ ಗೂಡಿನ ಹಿಂದೆ. ಹಿಂದಿನ ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಹನ್ನೊಂದು ವರ್ಷ ಅಪ್ಪ ಅದಕ್ಕೆ ಜೀವ ತೇಯ್ದ. ಎಂಜಿನ್ ಕೆಲಸಕ್ಕೆ ದೊಡ್ಡವನು, ತಗಡು ಮತ್ತು ಮರದ ಕೆಲಸಕ್ಕೆ ಚಿಕ್ಕವನು. ಕಾರು ರಸ್ತೆಗಿಳಿಯುವ ಮೊದಲೇ ಅಪ್ಪ ಹೋಗಿಬಿಟ್ಟ. ಮೊದಲು ಎಂಜಿನ್ ಬಿಚ್ಚಿ ನೋಡಬೇಕೋ, ಮೊದಲು ಬಾಡಿ ಮುಗಿಸಬೇಕೋ ಎಂದು ಶುರುವಾದ ಮಾತು, "ಎಂಜಿನ್ ಇಲ್ಲದ ನಿನ್ನ ಕಾರು ಬಟ್ಟೆ ಇಡೋ ಬೀರು" ಎಂದು ಅಣ್ಣ, "ಬಾಡಿ ಇಲ್ಲದ ನಿನ್ನ ಎಂಜಿನ್ ಹಿಟ್ಟಿನ ಗಿರಣಿ" ಎಂದು ತಮ್ಮ ಅನ್ನುವವರೆಗೆ ಬೆಳೆದು ಅಲ್ಲಿಗೆ ನಿಂತಿತು. ನಿಂತದ್ದು ಇಪ್ಪತ್ತೆರಡು ವರ್ಷ. ಇಬ್ಬರ ನಡುವೆ ಓಡಾಡಿ ಅಕ್ಕನ ಕಾಲು ಸವೆಯಿತು.

ಸೋಮವಾರ ಬೆಳಗ್ಗೆ ಅಕ್ಕ ಒಂದು ಸಣ್ಣ ಲಾರಿಯ ಮುಂದೆ ಕೂತು ಬಂದಳು. ಹಿಂದೆ ಕಂಬಳಿ ಹೊದ್ದು ಎಂಜಿನ್ ಕೂತಿತ್ತು.

"ನಿಮ್ಮಣ್ಣಂಗೆ ಡಾಕ್ಟರು ಒಂದು ವಾರ, ಹೆಚ್ಚೂಂದ್ರೆ ಹತ್ತು ದಿನ ಅಂದಿದಾರೆ ಕಣೋ. ಶ್ವಾಸಕೋಶದಲ್ಲಿ ಏನೂ ಉಳಿದಿಲ್ವಂತೆ" ಎಂದಳು ಅಕ್ಕ. "ಅವನೇ ಕಳಿಸಿದಾನೆ. ಎಂಜಿನ್ ಕೂರಿಸು ಅಂತ ಹೇಳು, ಒಂದೇ ಒಂದ್ಸಲ ಕಾರಲ್ಲಿ ಕೂತು ನಮ್ಮ ಬೀದಿ ಸುತ್ತಿ ಬರಬೇಕು ಅಂದ. ಬೇರೆ ಏನೂ ಕೇಳಲ್ಲವಂತೆ."

ಚಿಕ್ಕಮೇಸ್ತ್ರಿ ಕಂಬಳಿ ಸರಿಸಿದ. ಎಂಜಿನ್ನಿನ ಒಂದೊಂದು ಬೋಲ್ಟೂ ಹೊಳೆಯುತ್ತಿತ್ತು. ಇಪ್ಪತ್ತೆರಡು ವರ್ಷ ತಾನು ಬಾಡಿಯ ಮೈ ತಿಕ್ಕುತ್ತಿದ್ದಾಗ ನಾಲ್ಕು ಬೀದಿ ಆಚೆ ಅಣ್ಣ ಇದರ ಮೈ ತಿಕ್ಕುತ್ತಿದ್ದ ಎಂದು ಅವನಿಗೆ ಹೊಳೆಯಿತು. ಅಕ್ಕನಿಗೆ ಮುಖ ತೋರಿಸದೆ ಎಂಜಿನ್ ಎತ್ತುವ ಚೈನ್ ಪುಲ್ಲಿ ಹುಡುಕಲು ಶೆಡ್ಡಿನೊಳಗೆ ಹೋದ.

ಮಧ್ಯಾಹ್ನದ ಹೊತ್ತಿಗೆ ಎಂಜಿನ್ ಚಾಸಿಯ ಮೇಲೆ ಇಳಿಯಿತು. ಎಂಜಿನ್ನಿನ ಹಿಂದಿನ ಎರಡು ಕಾಲು ತೂತಿಗೆ ತೂತು ಸೇರಿ, ಅಳೆದು ಹೊಲಿದ ಅಂಗಿಯ ಹಾಗೆ ಕೂತವು. ಮುಂದಿನ ಎರಡು ಕಾಲು ಗಾಳಿಯಲ್ಲಿ ನೇತಾಡಿದವು. ಚಾಸಿಯ ಕಂಬಿಗಳಿಗೆ ಅವು ಮುಟ್ಟುತ್ತಲೇ ಇರಲಿಲ್ಲ, ಆಚೆಗೊಂದು ಗೇಣು, ಈಚೆಗೊಂದು ಗೇಣು ಖಾಲಿ. ಅವನು ಎತ್ತಿ ಇಳಿಸಿದ. ಇಳಿಸಿ ಎತ್ತಿದ. ಟೇಪು ಹಿಡಿದು ಅಳೆದ, ಟೇಪೇ ಸುಳ್ಳು ಎಂದು ಇನ್ನೊಂದು ಟೇಪು ತಂದು ಅಳೆದ. ಕಡೆಗೆ ಅವನ ತಲೆಗೆ ಬಂದದ್ದು ಒಂದೇ ಮಾತು: ಅಣ್ಣ ಬೇಕೆಂದೇ ಕಾಲು ಕತ್ತರಿಸಿದ್ದಾನೆ. ಎಂದಾದರೂ ಎಂಜಿನ್ ತನ್ನ ಕೈಗೆ ಸಿಕ್ಕರೂ ಕಾರು ಓಡಬಾರದು ಎಂದು.

ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡು, ಜೇಬಲ್ಲಿ ಎರಡೂ ಟೇಪು ಇಟ್ಟುಕೊಂಡು ಅವನು ಅಣ್ಣನ ಮನೆಗೆ ನಡೆದ. ಸಾಯುವವನ ಹತ್ತಿರ ಜಗಳಕ್ಕೆ ಹೊರಟಿದ್ದೇನೆ ಎಂಬುದು ದಾರಿಯುದ್ದಕ್ಕೂ ಅವನಿಗೆ ಗೊತ್ತಿತ್ತು, ಆದರೂ ಕಾಲು ನಿಲ್ಲಲಿಲ್ಲ.

ಅತ್ತಿಗೆ ಬಾಗಿಲು ತೆರೆದು ಪಕ್ಕಕ್ಕೆ ಸರಿದಳು. ಕಿಟಕಿಯ ಹತ್ತಿರದ ಮಂಚದಲ್ಲಿ ಅಣ್ಣ ದಿಂಬಿಗೆ ಒರಗಿದ್ದ. ಅಣ್ಣ ಎಂದರೆ ಗೇರ್ ಬಾಕ್ಸನ್ನು ಒಬ್ಬನೇ ಎತ್ತುತ್ತಿದ್ದ ಆಳು. ಈಗ ಅಂಗಿಯೊಳಗೆ ಅರ್ಧ ಮನುಷ್ಯ ಇದ್ದ. ಮೂಗಿಗೊಂದು ಕೊಳವೆ. ಜಗಳವೆಲ್ಲ ಚಿಕ್ಕಮೇಸ್ತ್ರಿಯ ಬಾಯಲ್ಲೇ ಒಣಗಿಹೋಯಿತು.

"ಅಣ್ಣಾ" ಎಂದ. ಇಪ್ಪತ್ತೆರಡು ವರ್ಷದ ಮೇಲೆ ಬಂದ ಮೊದಲ ಮಾತು ಅದೊಂದೇ. ಆಮೇಲೆ, "ಮುಂದಿನ ಕಾಲು ಕೂರ್ತಾ ಇಲ್ಲ" ಎಂದ.

"ಹೆಂಗೆ ಕೂರತ್ತೋ?" ಅಣ್ಣನಿಗೆ ಒಂದೊಂದು ಮಾತಿಗೂ ಉಸಿರು ಎಳೆದುಕೊಳ್ಳಬೇಕಿತ್ತು. "ಅಡ್ಡಪಟ್ಟಿ ಹಾಕಿದೀಯಾ?"

"ಯಾವ ಅಡ್ಡಪಟ್ಟಿ?"

"ಅಪ್ಪ ಮಾಡಿದ್ದು. ಆ ಎಂಜಿನ್ ಆ ಕಾರಿಂದೇ ಅಲ್ಲ ಕಣೋ. ಅದರ ಎಂಜಿನ್ ಇಟ್ಟಿಗೆ ಗೂಡಲ್ಲೇ ಒಡೆದುಹೋಗಿತ್ತು. ಇದು ಬೇರೆ ಕಾರಿಂದು, ಮುಂದೆ ಅಗಲ ಕಮ್ಮಿ. ಅದಕ್ಕೇ ಅಪ್ಪ ಹಳೇ ಗೇಟಿನ ಕಬ್ಬಿಣ ಕೊಯ್ದು ಒಂದು ಪಟ್ಟಿ ಮಾಡಿ ಮುಂದೆ ಅಡ್ಡ ಹಾಕಿದ್ದ. ಎರಡನ್ನೂ ಸೇರಿಸಿದ್ದೇ ಅದು."

ಚಿಕ್ಕಮೇಸ್ತ್ರಿಗೆ ಆ ಪಟ್ಟಿ ನೆನಪಾಯಿತು. ದಪ್ಪನೆಯ, ಸೊಟ್ಟನೆಯ, ಅರದ ಗೀರು ತುಂಬಿದ ಕಬ್ಬಿಣ. ಹದಿನೆಂಟು ವರ್ಷದ ಹಿಂದೆ ಹಳೆ ಕಾರುಗಳ ಪುಸ್ತಕ ಹಿಡಿದ ಪಂಡಿತನೊಬ್ಬ ಶೆಡ್ಡಿಗೆ ಬಂದು, ಚಿತ್ರ ತೋರಿಸಿ, ಇದು ಕಂಪನಿಯದಲ್ಲ, ಯಾರೋ ಒರಟು ಕೈಯವರು ಆಮೇಲೆ ಸೇರಿಸಿದ್ದು ಎಂದಿದ್ದ. ಚಿಕ್ಕಮೇಸ್ತ್ರಿಗೆ ಅವಮಾನವಾಗಿತ್ತು. ಅಂದೇ ಬಿಚ್ಚಿ, ಮೂರು ತುಂಡು ಮಾಡಿ, ಗುಜರಿಗೆ ಹಾಕಿದ್ದ. ಅದನ್ನು ಬಿಗಿದಿದ್ದ ತೂತುಗಳನ್ನೂ ಬೆಸೆದು ಮುಚ್ಚಿ, ಉಜ್ಜಿ, ಬಣ್ಣ ಹೊಡೆದು, ಈಗ ನೋಡಿ ಹೇಗಿದೆ ಎಂದು ಊರಿಗೆಲ್ಲ ತೋರಿಸಿದ್ದ.

ಅಣ್ಣ ಅವನನ್ನೇ ನೋಡುತ್ತಿದ್ದ. "ಇದೆ ತಾನೇ ಪಟ್ಟಿ?"

"ಇದೆ ಇದೆ" ಎಂದುಬಿಟ್ಟ ಚಿಕ್ಕಮೇಸ್ತ್ರಿ. "ಶೆಡ್ಡಲ್ಲೇ ಎಲ್ಲೋ ಇದೆ. ಎಲ್ಲಿ ಹೋಗತ್ತೆ?"

ಅಣ್ಣ ಕಣ್ಣು ಮುಚ್ಚಿಕೊಂಡು, ಮಗ್ಗಿ ಒಪ್ಪಿಸುವವನ ಹಾಗೆ ಶುರುಮಾಡಿದ. "ಎಡಕ್ಕೆ ಎರಡು ಬೆರಳು ದಪ್ಪ. ಬಲಕ್ಕೆ ಒಂದೂವರೆ. ಎರಡೂ ಒಂದೇ ಮಾಡಿದ್ರೆ ಶಾಫ್ಟ್ ಸೊಟ್ಟ ಆಗತ್ತೆ. ಮಧ್ಯ ಕೆಳಕ್ಕೆ ಬಗ್ಗಿಸಿರಬೇಕು, ಇಲ್ಲಾಂದ್ರೆ ಹ್ಯಾಂಡಲ್ ತಾಗತ್ತೆ." ಹೇಳಿ ಮುಗಿಸುವಷ್ಟರಲ್ಲಿ ಸುಸ್ತಾಗಿ ಕೈಯಾಡಿಸಿ ಹೋಗು ಎಂದ. ಚಿಕ್ಕಮೇಸ್ತ್ರಿ ಆ ಅಳತೆಗಳನ್ನು ಬಾಯಲ್ಲೇ ಹೇಳಿಕೊಳ್ಳುತ್ತಾ, ಎಲ್ಲಿ ಮರೆತುಹೋಗುತ್ತದೋ ಎಂದು ಹೆಚ್ಚುಕಡಿಮೆ ಓಡುತ್ತಾ ಶೆಡ್ಡಿಗೆ ಬಂದ.

ಅಲ್ಲಿಂದ ಅವನು ಮನುಷ್ಯನಾಗಿ ಉಳಿಯಲಿಲ್ಲ. ಮಂಗಳವಾರ ಮೊದಲು ಮರದಲ್ಲಿ ಒಂದು ಪಟ್ಟಿ ಮಾಡಿ ಇಟ್ಟು ನೋಡಿದ. ಅದರ ಅಳತೆಗೆ ಕಬ್ಬಿಣ ಕೊಯ್ದ. ಬಗ್ಗಿಸುವಾಗ ಅದು ಸೀಳಿತು. ಬುಧವಾರದ್ದು ಕೂತಿತು, ಆದರೆ ಶಾಫ್ಟ್ ಕೂದಲೆಳೆಯಷ್ಟು ಓರೆಯಾಗಿ ತಿರುಗುವಾಗ ಗೊರಗೊರ ಎಂದಿತು. ಕಬ್ಬಿಣವನ್ನು ನೆಲಕ್ಕೆ ಒಗೆದು ಅದರ ಪಕ್ಕದಲ್ಲೇ ತಲೆ ಮೇಲೆ ಕೈ ಹೊತ್ತು ಕೂತ. ಹೆಂಡತಿ ತಟ್ಟೆ ಹಿಡಿದು ಬಂದರೆ ಅವಳ ಮೇಲೆ ಹರಿಹಾಯ್ದ, ಅವಳು ತಟ್ಟೆ ಬೆಂಚಿನ ಮೇಲಿಟ್ಟು ಹೋದ ಮೇಲೆ ಅನ್ನದ ಮೇಲೆ ಕಬ್ಬಿಣದ ಪುಡಿ ಬಿದ್ದಿದ್ದನ್ನೂ ನೋಡದೆ ತಿಂದ. ದಿನಕ್ಕೆರಡು ಸಲ ಅಕ್ಕನಿಗೆ ಫೋನ್ ಮಾಡಿ ಅಣ್ಣ ಹೇಗಿದಾನೆ ಎಂದು ಕೇಳುತ್ತಿದ್ದ.

ಗುರುವಾರ ಮೂರನೆಯ ಪಟ್ಟಿ ಕೂತಿತು. ಬೋಲ್ಟು ಬಿಗಿದು, ಪೆಟ್ರೋಲ್ ಬಿಟ್ಟು, ಹ್ಯಾಂಡಲ್ ಹಿಡಿದು ಆರನೆಯ ಸಲ ತಿರುಗಿಸಿದಾಗ ಎಂಜಿನ್ ಒಂದು ಸಲ ಕೆಮ್ಮಿ, ಸುಮ್ಮನಾಗಿ, ಮತ್ತೆ ಹಿಡಿಯಿತು. ದಡದಡ ಎಂದು ನಡೆಯತೊಡಗಿತು. ಸಂಜೆಯ ಬೆಳಕಲ್ಲಿ ಹಿತ್ತಾಳೆಯ ದೀಪಗಳು ನಡುಗುತ್ತಿದ್ದವು. ಚಿಕ್ಕಮೇಸ್ತ್ರಿ ನಗುತ್ತಿದ್ದನೋ ಅಳುತ್ತಿದ್ದನೋ ಅವನಿಗೇ ತಿಳಿಯಲಿಲ್ಲ. ಶೆಡ್ಡಿನ ಸುತ್ತ ಒಂದು ಸುತ್ತು ಓಡಿಸಿ ನೋಡಿ, ಅಕ್ಕನಿಗೆ ಫೋನ್ ಮಾಡಿದ. "ನಾಳೆ ಬೆಳಗ್ಗೆ ಕಾರು ತರ್ತೀನಿ ಅಂತ ಅಣ್ಣಂಗೆ ಹೇಳು."

ಶುಕ್ರವಾರ ಬೆಳಗ್ಗೆ ಬಾನೆಟ್ ಒರೆಸಲು ಹೋದವನು ಪಟ್ಟಿಯನ್ನು ನೋಡಿ ನಿಂತುಬಿಟ್ಟ.

ಅದು ಹೊಚ್ಚ ಹೊಸದಾಗಿತ್ತು. ಕೊಯ್ದ ಅಂಚು ಫಳಫಳ ಹೊಳೆಯುತ್ತಿತ್ತು. ಅದೂ ಕಾರಿನ ಮೂಗಿನ ನೇರಕ್ಕೆ, ಹ್ಯಾಂಡಲಿನ ಪಕ್ಕದಲ್ಲಿ. ಅಣ್ಣ ಎಂಥವನೆಂದು ಅವನಿಗೆ ಗೊತ್ತು. ಎಷ್ಟು ಸುಸ್ತಾಗಿದ್ದರೂ ಸೀಟಿಗೆ ಹತ್ತುವ ಮುಂಚೆ ಬಗ್ಗಿ ಮೊದಲು ನೋಡುವುದೇ ಅಲ್ಲಿ. ನೋಡಿದ ಕೂಡಲೇ ಗೊತ್ತಾಗುತ್ತದೆ. ಅಪ್ಪನ ಕೈಯ ಕೆಲಸವನ್ನು ಇವನು ಗುಜರಿಗೆ ಹಾಕಿ, ಅದರ ಮೇಲೆ ಇದೆ ಎಂದು ಸುಳ್ಳೂ ಹೇಳಿದ ಎಂದು ತಿಳಿದುಕೊಂಡೇ ಅಣ್ಣ ಹೋಗುತ್ತಾನೆ.

ಹಳೆಯದನ್ನು ಹೊಸದು ಮಾಡುವುದರಲ್ಲಿ ಅವನದು ಎತ್ತಿದ ಕೈ. ಹೊಸದನ್ನು ಹಳೆಯದು ಮಾಡುವುದೂ ಆ ಕಸುಬಿನವರಿಗೆ ಗೊತ್ತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೆ. ಅವನು ಪಟ್ಟಿಯನ್ನು ಬಿಚ್ಚಿದ. ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿದ. ಅಪ್ಪ ಎಳೆಯುತ್ತಿದ್ದ ಹಾಗೆ ಅರವನ್ನು ಓರೆಯಾಗಿ ಎಳೆದು ಗೀರು ಹಾಕಿದ. ಉಪ್ಪು, ವಿನೆಗರ್ ಕಲಸಿ ಬಳಿದು ಬಿಸಿಲಿಗಿಟ್ಟ. ಒಣಗಿದ ಮೇಲೆ ಮತ್ತೆ ಬಳಿದ.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. "ರೀ, ಹೊರಡಲ್ವಾ? ಅಕ್ಕ ಆಗಲೇ ಎರಡು ಸಲ ಫೋನ್ ಮಾಡಿದ್ರು."

"ಇದು ಇನ್ನೂ ಸರಿಯಾಗಿ ಹಿಡಿದಿಲ್ಲ."

"ಏನು ಹಿಡೀಬೇಕು?"

"ತುಕ್ಕು."

ಅವಳು ಅವನ ಮುಖ ನೋಡಿದಳು, ಪಟ್ಟಿ ನೋಡಿದಳು. "ನಿಮಗೆ ತಲೆ ಕೆಟ್ಟಿದೆಯಾ? ಇಷ್ಟು ವರ್ಷ ತುಕ್ಕು ಬಿಡಿಸಿ ಬಿಡಿಸಿ ನನ್ನ ತಲೆ ತಿಂದ್ರಿ. ಹಾಗೇ ಹಾಕ್ಕೊಂಡು ಹೋಗ್ರೀ. ಕೇಳಿದ್ರೆ ನಿಜ ಹೇಳಿ, ಅಣ್ಣ ತಾನೇ, ಬೈಸಿಕೊಳ್ಳಿ."

"ನಾಳೆ ಬೆಳಗ್ಗೆ ಎದ್ದವನೇ ಹೋಗ್ತೀನಿ. ಒಂದು ದಿನ. ಡಾಕ್ಟರು ಹತ್ತು ದಿನ ಅಂದಿದಾರೆ" ಎಂದ. ಹೆಚ್ಚೂಂದ್ರೆ ಎಂಬ ಮಾತನ್ನು ಅವನು ಮರೆತಿದ್ದ, ಅಥವಾ ಮರೆಯಬೇಕೆಂದುಕೊಂಡಿದ್ದ. ಬಾಯಲ್ಲಿ ಧೈರ್ಯ ಹೇಳುತ್ತಾ ಇಡೀ ದಿನ ಬಿಸಿಲಲ್ಲಿ ಪಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ತುಕ್ಕಿಗೆ ಇಷ್ಟು ದಿನ ಅವಸರವೋ ಅವಸರ, ಎರಡು ದಿನ ಬಣ್ಣವಿಲ್ಲದೆ ಬಿಟ್ಟರೆ ಓಡಿಬಂದು ಕೂರುತ್ತಿತ್ತು. ಅವತ್ತು ಜಪ್ಪಯ್ಯ ಎಂದರೂ ಬರಲೊಲ್ಲದು. ಬಾ, ಬಾರೇ ಮಹಾರಾಯ್ತಿ ಎಂದು ಅವನು ಅದನ್ನು ಬೇಡಿಕೊಂಡ.

ಶನಿವಾರ ಬೆಳಗ್ಗೆ ಪಟ್ಟಿ ಕಂದು ತಿರುಗಿತ್ತು. ಕರಿ ಗ್ರೀಸು ಸವರಿ ಅಡ್ಡ ಹಾಕಿ ಬಿಗಿದ ಮೇಲೆ ಅಪ್ಪನೇ ಎದ್ದು ಬಂದರೂ ತನ್ನದೇ ಎನ್ನುವ ಹಾಗಿತ್ತು. ಅಣ್ಣನನ್ನು ಹೊರಡಿಸಲು ಕೈಜೋಡಿಸಬೇಕೆಂದು ಹೆಂಡತಿ ಬೆಳಕು ಹರಿಯುತ್ತಿದ್ದಂತೆ ಮುಂದಾಗಿ ಹೋಗಿದ್ದಳು. ಅವನು ಹ್ಯಾಂಡಲ್ ತಿರುಗಿಸಿದ, ಎಂಜಿನ್ ಎರಡನೆಯ ಸಲಕ್ಕೇ ಹಿಡಿಯಿತು. ಬೆಂಚಿನ ಮೇಲಿದ್ದ ಫೋನ್ ಹೊಡೆದುಕೊಂಡದ್ದು ಆ ಸದ್ದಿನಲ್ಲಿ ಅವನಿಗೆ ಕೇಳಲಿಲ್ಲ.

ನಾಲ್ಕು ಬೀದಿಯ ಜನವೂ ಹೊರಗೆ ಬಂದು ನೋಡಿದರು. ಅಣ್ಣನ ಮನೆಯ ತಿರುವಿನಲ್ಲಿ ಅವನು ಹಾರ್ನ್ ಒತ್ತಿದ, ರಬ್ಬರ್ ಬುರುಡೆ ಎರಡು ಸಲ ಪೋಂ ಪೋಂ ಎಂದಿತು. ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಹೆಂಡತಿ ಅಡ್ಡ ಬಂದು ಹಾರ್ನ್ ಒತ್ತಬೇಡಿ ಎಂದು ಕೈಯಾಡಿಸುತ್ತಿದ್ದಳು. ಅವನು ಎಂಜಿನ್ ನಿಲ್ಲಿಸದೆ ಹಾಗೇ ಇಳಿದು ಒಳಗೆ ಹೋದ.

ಅಣ್ಣ ಮಂಚದ ಮೇಲೆ ಮಲಗಿದ್ದ. ಮೂಗಿನ ಕೊಳವೆ ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಯಾಂಟು, ಕಾಲಿಗೆ ಶೂ.

"ನಿನ್ನೆ ಬೆಳಗ್ಗೆ ಹಾಕ್ಕೊಂಡಿದ್ದು" ಎಂದಳು ಅತ್ತಿಗೆ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಕಷ್ಟವಾಯಿತು. "ಸಂಜೆವರೆಗೂ ಕಿಟಕಿ ಹತ್ರ ಕುರ್ಚಿ ಹಾಕಿಸ್ಕೊಂಡು ಕೂತಿದ್ರು. ಎಲ್ಲೋ ಸದ್ದಾದ್ರೆ ಬಂದ ಅನ್ನೋರು. ರಾತ್ರಿ ಬಿಚ್ಚೋಕೆ ಹೋದ್ರೆ, ಬೇಡ, ಬೆಳಗ್ಗೆ ಮತ್ತೆ ಹಾಕೋ ಶಕ್ತಿ ನಂಗಿಲ್ಲ, ಹಾಗೇ ಇರಲಿ ಅಂದ್ರು. ಈಗೊಂದು ಗಂಟೆ ಆಯ್ತು." ಅವಳು ಕಿಟಕಿಯಾಚೆ ನಿಂತು ದಡದಡ ಎನ್ನುತ್ತಿದ್ದ ಕಾರಿನ ಕಡೆ ನೋಡಿದಳು. "ನಿನ್ನೆ ತರೋಕೆ ಆಗ್ತಿರ್ಲಿಲ್ವೇನೋ?"

ಆಗುತ್ತಿರಲಿಲ್ಲ ಎಂದು ಹೇಳಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ.

"ಆಗ್ತಿತ್ತು ಅತ್ತಿಗೆ" ಎಂದ ಚಿಕ್ಕಮೇಸ್ತ್ರಿ. "ಮೊನ್ನೆ ಸಂಜೇನೇ ಓಡ್ತು. ಅಪ್ಪನ ಪಟ್ಟಿ ನಾನು ಗುಜರಿಗೆ ಹಾಕಿಬಿಟ್ಟಿದ್ದೆ. ಹೊಸದು ಅಂತ ಅಣ್ಣಂಗೆ ಗೊತ್ತಾಗಬಾರದು ಅಂತ ನಿನ್ನೆಯೆಲ್ಲ ಅದಕ್ಕೆ ತುಕ್ಕು ಹಿಡಿಸ್ತಾ ಕೂತಿದ್ದೆ."

ಅತ್ತಿಗೆ ಅವನನ್ನೇ ನೋಡಿದಳು. "ಅವರಿಗೆ ಗೊತ್ತಿತ್ತಲ್ಲೋ" ಎಂದಳು. "ಸೋಮವಾರ ನೀನು ಆ ಕಡೆ ಹೋದೆ, ಈ ಕಡೆ ಇವರು ಕೆಮ್ಮು ಬರೋ ತನಕ ನಕ್ಕರು. ಪಟ್ಟಿ ಬಿಸಾಕಿದಾನೆ, ಹೇಳೋಕೆ ನಾಚಿಕೆ ಅವನಿಗೆ. ಅದಕ್ಕೇ ಅಳತೆ ಹೇಳಿ ಕಳಿಸ್ದೆ, ಮಾಡ್ತಾನೆ ನೋಡ್ತಿರು, ತಗಡು ಕಬ್ಬಿಣದಲ್ಲಿ ಅವನ ಕೈ ಅಪ್ಪನ ಕೈಗಿಂತ ಮೇಲು ಅಂದ್ರು."

ಚಿಕ್ಕಮೇಸ್ತ್ರಿ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತ. ಅಣ್ಣನ ಬಾಯಿಂದ ಇಂಥದೊಂದು ಮಾತಿಗೆ ಅವನು ಚಿಕ್ಕಂದಿನಿಂದ ಕಾದಿದ್ದ.

"ನಂಗ್ಯಾಕೆ ಹೇಳ್ಲಿಲ್ಲ ಅತ್ತಿಗೆ?" ಎಂದ. "ಅವತ್ತೇ ಹೇಳಿಬಿಡಬಹುದಿತ್ತಲ್ಲ!"

"ನಾನೂ ಅದನ್ನೇ ಕೇಳ್ದೆ" ಎಂದಳು ಅತ್ತಿಗೆ. "ಈಗ ಬೇಡ, ಕಾರಲ್ಲಿ ಪಕ್ಕದಲ್ಲಿ ಕೂತ್ಕೊಂಡು ಹೇಳ್ತೀನಿ ಅಂದ್ರು."